ಕೈಕೋರಾದ ಕಡಲಿನಲ್ಲಿ ತಿಮಿಂಗಿಲ ದರ್ಶನ

ತಿಮಿಯೆಂಬುದು ಒಂದು ಮಹಾಮತ್ಸ್ಯ. ಅದನ್ನು ನುಂಗುವುದು ತಿಮಿಂಗಿಲ. ಆ ತಿಮಿಂಗಿಲವನ್ನೂ ನುಂಗುವುದೊಂದುಂಟು, ಅದು ತಿಮಿಂಗಿಲಗಿಲ. ಹೀಗೆ ಒಂದರ ಬಾಯಲ್ಲಿ ಒಂದನ್ನಿರಿಸಿ ಕಡಲಿನ ಅಗಾಧತೆಯನ್ನು ಅಳೆಯುವುದಕ್ಕೆ ನಮ್ಮ ಹಿಂದಿನವರು ಯತ್ನಿಸಿದರು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದಾದುದರಿಂದ, ಕಡಲನ್ನು ಕಣ್ಣಾರೆ ಕಾಣದ ಒಳನಾಡಿನ ಕವಿಯೂ ತನ್ನ ಕಾವ್ಯದಲ್ಲಿ ನಾಲ್ಕಾರು ತಿಮಿಂಗಿಲಗಳನ್ನು ತೇಲಿಬಿಡದೆ ಇರಲಾರದಾದನು. ಆ ಪುರಾತನ ನಾಮವನ್ನೇ ನಾವು ಇಂದು ನಿಜವಾದ ಒಂದು ಪ್ರಾಣಿಗೆ ಕೊಟ್ಟು ವ್ಯವಹರಿಸುತ್ತಿದ್ದೇವೆ. ಆದರೆ ಈ ಪ್ರಾಣಿಯು ಮೀನಲ್ಲ. ಅದು ಬಿಸಿರಕ್ತದ ಜೀವಿ. ಮರಿಯನ್ನು ಹಡೆದು ಹಾಲೂಡಿಸುತ್ತದೆ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುತ್ತದೆ. ಎಷ್ಟೇ ಆಳಕ್ಕಿಳಿದರೂ ಗಾಳಿಗಾಗಿ ಅದು ನೀರಿನ ಮೇಲಕ್ಕೆ ಬಂದೇ ತೀರಬೇಕು. ಈ ಒಂದು ನಿರ್ಬಂಧವಿಲ್ಲದಿದ್ದರೆ ಮನುಷ್ಯನಿಗೆ ಅದನ್ನು ಕೊಲ್ಲುವುದೂ ಸಾಧ್ಯವಾಗುತ್ತಿರಲಿಲ್ಲ, ಕೊಲ್ಲದೆ ಸುಮ್ಮನೆ ನೋಡುವುದೂ ಸಾಧ್ಯವಾಗುತ್ತಿರಲಿಲ್ಲ.

ಕೊಲ್ಲುವುದರಿಂದ ನೋಡುವುದಕ್ಕೆ ತಿರುಗಿದ ಒಂದು ಊರಿನ ವಿಷಯವನ್ನು ಕೇಳುಗರ ಮುಂದಿಡಬೇಕೆಂದು ನಾವು ಬಯಸುತ್ತೇವೆ. ಅದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪೂರ್ವತೀರದಲ್ಲಿರುವ ಕೈಕೋರಾ. ಮಾವೊರಿ ಭಾಷೆಯಲ್ಲಿ 'ಕೈ' ಎಂದರೆ ತಿನಿಸು, 'ಕೋರಾ' ಎಂದರೆ ಕಲ್ಲುಸೀಗಡಿಯ ಜಾತಿಯ ಕಡಲಪ್ರಾಣಿ. ಅಂತು ಊರಿನ ಹೆಸರಿನಲ್ಲೇ ಊಟದ ಪ್ರಸ್ತಾಪವಿದೆ. ಎಂಟು ಸಾವಿರ ಅಡಿಗಳಿಗೂ ಮೀರಿದ ಪರ್ವತಶ್ರೇಣಿಯೊಂದು ಸಮುದ್ರದ ಅಂಚಿಗೇ ಬಂದು ನಿಂತಿದೆ; ಚಳಿಗಾಲದಲ್ಲಿ ಅದರ ನೆತ್ತಿಯೆಲ್ಲ ಹಿಮ. ಅದರ ಬುಡದಲ್ಲಿ ಕಡಲಿನೊಳಕ್ಕೆ ಚಾಚಿಕೊಂಡಿರುವ ಒಂದು ಪುಟ್ಟ ಭೂಶಿರದ ಮಗ್ಗುಲಲ್ಲಿ ಊರು.

೧೭೭೦ನೆಯ ಫೆಬ್ರವರಿಯಲ್ಲಿ ಇಂಗ್ಲಿಷ್ ನಾವಿಕನಾದ ಕ್ಯಾಪ್ಟನ್ ಕುಕ್ಕನ ಹಡಗು ಈ ಕರಾವಳಿಯ ಮುಂದೆ ಸಾಗುತ್ತಿದ್ದಾಗ, ನಾಲ್ಕು ಜೋಡಿದೋಣಿಗಳಲ್ಲಿ ೫೭ ಮಂದಿ ಮಾವೊರಿಗಳು ಹಡಗಿನ ಬಳಿಗೆ ಬಂದರಂತೆ. ಎಷ್ಟು ಕರೆದರೂ ಅವರು ಹಡಗನ್ನು ಹತ್ತಲಿಲ್ಲ. ದೂರದಲ್ಲಿಯೇ ನಿಂತು ನೋಡಿದರು, ಹಿಂದಿರುಗಿದರು. ಕುಕ್ಕನು ಆ ನೆಲಕ್ಕೆ 'ನೋಡುತ್ತ ನಿಂತವರು' ಎಂಬ ಅರ್ಥದ ಹೆಸರಿಟ್ಟನು. ಇಂದು ಜಗತ್ತಿನ ಮೂಲೆಮೂಲೆಯ ಜನ ಅದೇ ನೀರಿನ ಮೇಲೆ ದೋಣಿಯಲ್ಲಿ ನಿಂತು ನೋಡುತ್ತಿರುವಾಗ, ಆ ಹೆಸರು ಆಗ ಯಾರಿಗೆ ಸಂದಿತು, ಈಗ ಯಾರಿಗೆ ಸಲ್ಲುತ್ತದೆ ಎಂದು ಆಲೋಚಿಸಿದರೆ ನಗೆ ಬಾರದೆ ಇರದು.

ಸ್ಪರ್ಮ್ ತಿಮಿಂಗಿಲವೆಂಬುದು ಆಳಗಡಲಿನ ಪ್ರಾಣಿ. ಬೇರೆಡೆಗಳಲ್ಲಿ ಅದನ್ನು ನೋಡಬೇಕಾದರೆ ತೀರವನ್ನು ಬಿಟ್ಟು ಬಹುದೂರ ಹೋಗಬೇಕು. ಕೈಕೋರಾದಲ್ಲಿ ಮಾತ್ರ ಬೆಳಗಿನ ಉಪಾಹಾರವನ್ನು ಮುಗಿಸಿ ಹೊರಟವನು ಅದನ್ನು ನೋಡಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಇದಕ್ಕೆ ಕಾರಣ ನೀರಿನ ಕೆಳಗಿದೆ. ಊರಿನ ದಕ್ಷಿಣಕ್ಕೆ, ದಡದಿಂದ ಅರ್ಧ ಮೈಲಿಗಿಂತಲೂ ಕಡಮೆ ಅಂತರದಲ್ಲಿ, ಸಮುದ್ರದ ತಳವು ಥಟ್ಟನೆ ಕುಸಿದು ಒಂದು ಮಹಾಕಂದರವಾಗುತ್ತದೆ. ಅದು ನೋಡನೋಡುತ್ತಿದ್ದಂತೆ ನಾಲ್ಕು ಸಾವಿರ ಅಡಿಗಳಷ್ಟು ಆಳಕ್ಕಿಳಿದು, ಸುಮಾರು ೬೦ ಕಿಲೋಮೀಟರು ಹರಿದು, ಕೊನೆಗೆ ಇನ್ನೂ ಆಳವಾದ ಸಾಗರತಳವನ್ನು ಸೇರುತ್ತದೆ. ಜೋಗದ ಕಮರಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರು, ಅಂತಹ ನಾಲ್ಕೈದು ಕಮರಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಎಷ್ಟಾದೀತೆಂದು ಊಹಿಸಿಕೊಳ್ಳಲಿ. ಉತ್ತರದಿಂದ ಬರುವ ಬೆಚ್ಚನೆಯ ನೀರೂ ದಕ್ಷಿಣಧ್ರುವದ ಕಡೆಯಿಂದ ಬರುವ ತಣ್ಣನೆಯ ನೀರೂ ಈ ಪ್ರಾಂತದಲ್ಲಿ ಸಂಧಿಸುತ್ತವೆ. ಬೆಟ್ಟದ ಹೊಳೆಗಳು ತಂದ ಮಣ್ಣೂ ಕಸವೂ ಕಂದರದೊಳಕ್ಕೆ ಜಾರಿ ಗೊಬ್ಬರವಾಗುತ್ತವೆ. ಇದರಿಂದ ಮೊದಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಅವುಗಳಿಂದ ಸಣ್ಣ ಜಂತುಗಳು, ಅವುಗಳಿಂದ ಮೀನು, ಕಣವೆಮೀನು, ಕೊನೆಗೆ ಇವೆಲ್ಲದರ ಮೇಲೆ ತಿಮಿಂಗಿಲ, ಸೀಲು, ಕಡಲಹಕ್ಕಿ. ಅಷ್ಟು ಆಳದ ಸಮುದ್ರತಳಗಳಲ್ಲಿ ಇಷ್ಟು ಜೀವಸಮೃದ್ಧಿಯನ್ನು ತಾವು ಬೇರೆಡೆ ಕಂಡುದಿಲ್ಲವೆಂದು ಅದನ್ನು ಪರೀಕ್ಷಿಸಿದ ವಿಜ್ಞಾನಿಗಳು ೨೦೧೦ರಲ್ಲಿ ಬರೆದರು. ತಿಮಿಂಗಿಲವು ಸೊಗಸಿಗಾಗಿ ಇಲ್ಲಿಗೆ ಬಂದುದಲ್ಲ, ಹೊಟ್ಟೆಪಾಡಿಗಾಗಿ ಬಂದಿದೆ.

ಹೀಗೆ ಬರುವವು ಬಹುಮಟ್ಟಿಗೆ ಗಂಡುಗಳೇ. ಹೆಣ್ಣುಗಳೂ ಮರಿಗಳೂ ಸಂಸಾರ ಕಟ್ಟಿಕೊಂಡು ಬೆಚ್ಚನೆಯ ಸಮುದ್ರಗಳಲ್ಲಿ ಇರುತ್ತವೆ. ಪ್ರಾಯಕ್ಕೆ ಬಂದ ಗಂಡುಗಳು ಗುಂಪನ್ನು ಬಿಟ್ಟು ತಣ್ಣನೆಯ ನೀರಿನ ಕಡೆಗೆ ಹೊರಟು ತಿಂದು ಬೆಳೆಯುತ್ತವೆ. ಕೈಕೋರಾದಲ್ಲಿ ಕಾಣುವ ಗಂಡು ೪೦ರಿಂದ ೫೦ ಅಡಿ ಉದ್ದವಿರುವುದುಂಟು. ತೂಕ ಮೂವತ್ತು ನಲವತ್ತು ಟನ್ನು. ಅದರಲ್ಲಿ ಮೂರನೆಯ ಒಂದು ಭಾಗ ತಲೆಯೇ. ಆ ತಲೆಯೊಳಗಿನ ಮೆದುಳಿನ ತೂಕ ಸುಮಾರು ೧೭ ಪೌಂಡು. ಭೂಮಿಯ ಮೇಲಿನ ಯಾವ ಪ್ರಾಣಿಗೂ ಇಷ್ಟು ಭಾರದ ಮೆದುಳಿಲ್ಲ. ಅದು ಆ ಮೆದುಳಿನಿಂದ ಏನನ್ನು ಆಲೋಚಿಸುತ್ತದೆಂಬುದನ್ನು ಹೇಳುವ ಧೈರ್ಯ ನಮಗಿಲ್ಲ.

ದೋಣಿಯು ಬಂದರನ್ನು ಬಿಟ್ಟು ಕಂದರದ ಮೇಲಕ್ಕೆ ಬಂದೊಡನೆ ಯಂತ್ರವನ್ನು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಹರಟುತ್ತಿದ್ದ ಪ್ರಯಾಣಿಕರು ತಾವಾಗಿಯೇ ಮೌನವಾಗುತ್ತಾರೆ. ನಾಯಕನು ಉದ್ದವಾದ ಕೋಲಿನ ತುದಿಗೆ ಕಟ್ಟಿದ ಜಲಶ್ರವಣಯಂತ್ರವನ್ನು ನೀರಿನೊಳಗಿಳಿಸಿ, ಅದನ್ನು ಅತ್ತಿತ್ತ ತಿರುಗಿಸುತ್ತ ಕಿವಿಗೊಟ್ಟು ಕೇಳುತ್ತಾನೆ. ಅವನಿಗೆ ಬೇಕಾದುದು ಒಂದು ಬಡಿತದ ಸದ್ದು: ಟಕ್, ಟಕ್, ಟಕ್ ಎಂದು ಸೆಕೆಂಡಿಗೆ ಒಂದೆರಡರಂತೆ, ದೂರದ ಮನೆಯಲ್ಲಿ ಬಡಗಿಯು ಮೊಳೆ ಹೊಡೆಯುತ್ತಿರುವ ಹಾಗೆ. ಹಿಂದಿನ ಬೇಟೆಗಾರರು ಹಡಗಿನ ಮರದ ಒಡಲಿನ ಮೂಲಕ ಈ ಸದ್ದನ್ನು ಕೇಳಿ ಈ ಪ್ರಾಣಿಗೆ 'ಬಡಗಿಮೀನು' ಎಂದೇ ಹೆಸರಿಟ್ಟಿದ್ದರು. ಕಂದರದ ತಳದಲ್ಲಿ ಬೆಳಕಿನ ಲೇಶವೂ ಇಲ್ಲ. ಅಲ್ಲಿ ತಿಮಿಂಗಿಲವು ತನ್ನ ತಲೆಯಿಂದ ಪ್ರಚಂಡವಾದ ಸದ್ದನ್ನು ಹೊರಡಿಸಿ, ಎದುರಿನ ವಸ್ತುವಿಗೆ ತಾಗಿ ಹಿಂದಿರುಗುವ ಮಾರ್ದನಿಯಿಂದ ಬೇಟೆಯನ್ನು ಗುರುತಿಸುತ್ತದೆ. ಅಂದರೆ ಕಿವಿಯಿಂದ ನೋಡುತ್ತದೆ. ಬೇಟೆ ಸಮೀಪಿಸಿದಂತೆ ಬಡಿತಗಳು ದಟ್ಟವಾಗಿ, ಹಳೆಯ ಬಾಗಿಲಿನ ಕಿರುಗುಟ್ಟುವಿಕೆಯಂತಾಗುತ್ತವೆ. ಅನಂತರ ಒಂದು ಕ್ಷಣ ನಿಶ್ಶಬ್ದ. ಕಣವೆಮೀನೊಂದರ ಕಥೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಬಡಿತವು ನಿಂತೇಹೋದರೆ ಪ್ರಾಣಿಯು ಮೇಲಕ್ಕೆ ಬರುತ್ತಿದೆ. ನಾಯಕನು ಕೋಲನ್ನೆತ್ತಿ ದೋಣಿಯನ್ನು ಆ ದಿಕ್ಕಿಗೆ ನಡೆಸುತ್ತಾನೆ. ಬಾನುಲಿಯ ಮುಂದೆ ಕುಳಿತು ಕಾಣದವರ ಮಾತನ್ನು ಕೇಳುವ ಅಭ್ಯಾಸವಿರುವ ನಮ್ಮ ಕೇಳುಗರಿಗೆ ಈ ವಿದ್ಯೆಯ ಮರ್ಮವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಮೊದಲು ಕಾಣುವುದು ಉಸಿರು. ಸ್ಪರ್ಮ್ ತಿಮಿಂಗಿಲಕ್ಕೆ ಒಂದೇ ನಾಸಾರಂಧ್ರ. ಅದೂ ತಲೆಯ ತುದಿಯಲ್ಲಿ, ಎಡಮಗ್ಗುಲಿಗೆ. ಆದುದರಿಂದ ಅದರ ಉಸಿರಿನ ತುಂತುರು ನೇರವಾಗಿ ಮೇಲಕ್ಕೆ ಚಿಮ್ಮದೆ ಮುಂದಕ್ಕೂ ಎಡಕ್ಕೂ ಓರೆಯಾಗಿ ಹಾರುತ್ತದೆ. ಪರಿಚಯವಿದ್ದವನು ಒಂದು ಮೈಲಿಯಾಚೆಯಿಂದಲೇ ಬೇರೆ ಜಾತಿಗಳಿಂದ ಇದನ್ನು ಬೇರ್ಪಡಿಸಬಲ್ಲನು. ಹತ್ತಿರ ಬಂದ ಮೇಲೆ ಕಾಣುವುದೆಂದರೆ ಬೂದುಬಣ್ಣದ ಒಂದು ಸುಕ್ಕುಸುಕ್ಕಾದ ಬೆನ್ನು, ನೀರಿನಲ್ಲಿ ಅರ್ಧ ಮುಳುಗಿದ ಮರದ ದಿಮ್ಮಿಯಂತೆ. ಚಿತ್ರಪಟಗಳನ್ನು ನೋಡಿ ಬಂದವರಿಗೆ ಆಗ ಕೊಂಚ ನಿರಾಸೆಯಾಗುವುದುಂಟು. ನೀರಿನ ಮೇಲಿರುವುದು ಪ್ರಾಣಿಯ ಅಲ್ಪಭಾಗ. ಉಳಿದುದನ್ನು ಮನಸ್ಸಿನಿಂದಲೇ ಪೂರ್ತಿಮಾಡಿಕೊಳ್ಳಬೇಕು. ಅದು ಸುಮಾರು ಹತ್ತು ನಿಮಿಷ ಹೀಗೆ ತೇಲುತ್ತ, ನಿಮಿಷಕ್ಕೆ ನಾಲ್ಕಾರು ಸಲ ಉಸಿರು ಬಿಟ್ಟು ತೆಗೆದುಕೊಳ್ಳುತ್ತದೆ. ಇದು ವಿಶ್ರಾಂತಿಯಂತೆ ಕಂಡರೂ ವಿಶ್ರಾಂತಿಯಲ್ಲ. ಮುಂದಿನ ಮುಳುಗಿಗೆ ಬೇಕಾದ ಪ್ರಾಣವಾಯುವನ್ನು ರಕ್ತಕ್ಕೂ ಮಾಂಸಕ್ಕೂ ತುಂಬಿಕೊಳ್ಳುವ ಕಾರ್ಯ. ಕೊನೆಗೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಬಾಲದ ಎರಡು ಹಾಳೆಗಳು ನೀರನ್ನು ಸುರಿಸುತ್ತ ಆಕಾಶಕ್ಕೆದ್ದು, ಒಂದು ಗಳಿಗೆ ನಿಂತು, ಸದ್ದಿಲ್ಲದೆ ನೇರವಾಗಿ ಇಳಿದುಹೋಗುತ್ತವೆ. ಮೇಲೆ ಎಣ್ಣೆ ಚೆಲ್ಲಿದಂತೆ ನುಣ್ಣನೆಯ ಒಂದು ವೃತ್ತ ಮಾತ್ರ ಉಳಿಯುತ್ತದೆ. ಇನ್ನು ನಲವತ್ತು ನಿಮಿಷ, ಕೆಲವು ವೇಳೆ ಒಂದು ಗಂಟೆ, ಅದರ ಸುಳಿವಿಲ್ಲ. ಆ ಹೊತ್ತಿನಲ್ಲಿ ಅದರ ಹೃದಯದ ಬಡಿತ ಮಂದವಾಗುತ್ತದೆ. ಆಳದ ಒತ್ತಡಕ್ಕೆ ಶ್ವಾಸಕೋಶ ಕುಗ್ಗಿಹೋಗುತ್ತದೆ. ಅದು ಬದುಕುವುದು ಮಾಂಸಖಂಡಗಳಲ್ಲಿ ಕೂಡಿಟ್ಟುಕೊಂಡ ಪ್ರಾಣವಾಯುವಿನ ಮೇಲೆ.

ಬಾಲದ ಅಂಚಿನಲ್ಲಿರುವ ಕಚ್ಚುಗಳು ಒಂದೊಂದು ಪ್ರಾಣಿಗೆ ಒಂದೊಂದು ಬಗೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಅದರಿಂದ ದೋಣಿಯವರು ಹಳೆಯ ಅತಿಥಿಗಳನ್ನು ಹೆಸರು ಹಿಡಿದು ಕರೆಯಬಲ್ಲರು. ಟಿಯಾಕಿ ಎಂಬುದು ಅವರಿಗೆ ಬಹುಕಾಲದಿಂದ ಪರಿಚಿತವಾದ ಒಂದು ಗಂಡು. ಮಾವೊರಿ ಭಾಷೆಯಲ್ಲಿ ಆ ಹೆಸರಿಗೆ ಕಾಯುವವನೆಂದು ಅರ್ಥ.

ಈ ಪ್ರಾಣಿಯ ತಲೆಯ ತುಂಬ ಇರುವುದು ಒಂದು ಬಗೆಯ ಮೇಣದಂತಹ ಎಣ್ಣೆ. ಅದು ಸದ್ದನ್ನು ಕೂಡಿಸಿ ಒಂದು ದಿಕ್ಕಿಗೆ ಹೊರಡಿಸುವ ಸಾಧನವೆಂದು ಈಗ ತಿಳಿದಿದೆ. ಹಿಂದಿನ ಬೇಟೆಗಾರರು ಅದನ್ನು ಪ್ರಾಣಿಯ ರೇತಸ್ಸೆಂದು ಭ್ರಮಿಸಿ 'ಸ್ಪರ್ಮ್' ಎಂಬ ಹೆಸರನ್ನು ಕಟ್ಟಿದರು. ತಪ್ಪು ತಿಳಿದರೂ ಹೆಸರು ಬಿಡಲಿಲ್ಲ. ಆ ಮೇಣದಿಂದ ಮಾಡಿದ ಬತ್ತಿಯು ಹೊಗೆಯಿಲ್ಲದೆ, ವಾಸನೆಯಿಲ್ಲದೆ, ಒಂದೇ ಸಮನಾಗಿ ಉರಿಯುತ್ತಿತ್ತು. ಎಷ್ಟು ಸಮನಾಗಿ ಎಂದರೆ, ೧೯ನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಬೆಳಕನ್ನು ಅಳೆಯುವುದಕ್ಕೆ ಅದನ್ನೇ ಮಾನವಾಗಿಟ್ಟುಕೊಂಡರು: ಗಂಟೆಗೆ ೧೨೦ ಗ್ರೇನು ತೂಕ ಉರಿಯುವ ಇಂತಹ ಒಂದು ಬತ್ತಿಯ ಬೆಳಕು ಒಂದು ಕ್ಯಾಂಡಲ್. ವಿದ್ಯುದ್ದೀಪವನ್ನು ಕೊಳ್ಳುವಾಗ 'ನಲವತ್ತು ಕ್ಯಾಂಡಲ್ ಬಲ್ಬು ಕೊಡಿ' ಎಂದು ನಮ್ಮ ಪೇಟೆಗಳಲ್ಲಿ ಹೇಳುತ್ತಿದ್ದ ಮಾತಿನ ಹಿಂದೆ, ಎಷ್ಟೋ ಸಮುದ್ರಗಳಾಚೆ ಕೊಂದ ತಿಮಿಂಗಿಲಗಳ ತಲೆಯ ಎಣ್ಣೆಯಿದೆಯೆಂದು ಕೇಳಿದವರಿಗೂ ಹೇಳಿದವರಿಗೂ ಗೊತ್ತಿರಲಿಲ್ಲ.

ಕೈಕೋರಾದಲ್ಲಿ ತಿಮಿಂಗಿಲದ ಬೇಟೆಯ ಠಾಣ್ಯವನ್ನು ಮೊದಲು ಸ್ಥಾಪಿಸಿದವನು ರಾಬರ್ಟ್ ಫೈಫ್, ಅದು ೧೮೪೨ರಲ್ಲಿ. ಆಗಿನವರ ಮುಖ್ಯ ಬೇಟೆ ದಡದ ಬಳಿಗೆ ಬರುತ್ತಿದ್ದ ಬೇರೊಂದು ಜಾತಿ. ಅದು ನಿಧಾನವಾಗಿ ಈಜುತ್ತದೆ, ಸತ್ತ ಮೇಲೆ ಮುಳುಗದೆ ತೇಲುತ್ತದೆ. ಆದುದರಿಂದ ಬೇಟೆಗೆ 'ಸರಿಯಾದ' ತಿಮಿಂಗಿಲವೆಂದು ಇಂಗ್ಲಿಷಿನಲ್ಲಿ ಅದಕ್ಕೆ ಹೆಸರಾಯಿತು. ಹೆರುವುದಕ್ಕೆಂದು ಕೊಲ್ಲಿಗಳಿಗೆ ಬಂದ ತಾಯಿಗಳನ್ನು ಹಿಡಿಯುವ ಉಪಾಯವನ್ನು ಹೇಳುವುದಕ್ಕೆ ನಾಲಿಗೆ ಹಿಂಜರಿಯುತ್ತದೆ. ಮೊದಲು ಮರಿಯನ್ನು ಈಟಿಯಿಂದ ತಿವಿಯುತ್ತಿದ್ದರು. ತಾಯಿ ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. ಹೀಗೆ ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ಕೊಂದ ಮೇಲೆ ಮುಂದಿನ ವರ್ಷಕ್ಕೆ ಬರುವವು ಎಲ್ಲಿಂದ ಬಂದಾವು? ಕೆಲವೇ ವರ್ಷಗಳಲ್ಲಿ ಆ ಉದ್ಯಮ ಬಡವಾಯಿತು. ಫೈಫನ ಕಾಲದ ಮನೆ ಇಂದಿಗೂ ಊರಿನಲ್ಲಿದೆ. ಅದನ್ನು ನಿಲ್ಲಿಸಿರುವುದು ತಿಮಿಂಗಿಲದ ಬೆನ್ನೆಲುಬಿನ ಗಾಲಿಗಳ ಮೇಲೆ. ತಳಪಾಯಕ್ಕೆ ಕಲ್ಲಿಗಿಂತ ಎಲುಬೇ ಸುಲಭವಾಗಿ ಸಿಗುತ್ತಿದ್ದ ಕಾಲವದು.

ನ್ಯೂಜಿಲೆಂಡಿನಲ್ಲಿ ಈ ಬೇಟೆ ಪೂರ್ತಿಯಾಗಿ ನಿಂತುದು ೧೯೬೪ನೆಯ ಡಿಸೆಂಬರಿನಲ್ಲಿ. ಉತ್ತರದ ಟೋರಿ ಕಾಲುವೆಯಲ್ಲಿ ಠಾಣ್ಯವನ್ನಿಟ್ಟಿದ್ದ ಪೆರಾನೊ ಮನೆತನದವರು, ಗೂನುಬೆನ್ನಿನ ತಿಮಿಂಗಿಲಗಳು ವಿರಳವಾದ ಮೇಲೆ ಕೊನೆಯ ವರ್ಷಗಳಲ್ಲಿ ಕೈಕೋರಾದ ಸ್ಪರ್ಮ್ ತಿಮಿಂಗಿಲಗಳನ್ನೂ ಹೊಡೆದರು. ಅವರು ನಿಲ್ಲಿಸಿದುದು ಕರುಣೆಯಿಂದಲ್ಲ, ಲಾಭವಿಲ್ಲದುದರಿಂದ. ಆ ದೇಶವು ಸಮುದ್ರದ ಸಸ್ತನಿಗಳೆಲ್ಲವನ್ನೂ ರಕ್ಷಿಸುವ ಶಾಸನವನ್ನು ಮಾಡಿದುದು ೧೯೭೮ರಲ್ಲಿ. ಸ್ಪರ್ಮ್ ತಿಮಿಂಗಿಲದ ಆಯುಸ್ಸು ಅರವತ್ತು ವರ್ಷಗಳಿಗೂ ಮೀರಬಹುದಾದುದರಿಂದ, ಮೊದಮೊದಲು ಅದನ್ನು ನೋಡುವುದಕ್ಕೆ ಹೊರಟ ದೋಣಿಗಳ ಮುಂದೆ ತೇಲಿದವುಗಳಲ್ಲಿ, ಕೊಲ್ಲುವ ದೋಣಿಗಳ ಸದ್ದನ್ನು ಕೇಳಿದ್ದವೂ ಇದ್ದಿರಬಹುದು.

ನೋಡುವ ದೋಣಿಗಳನ್ನು ಆರಂಭಿಸಿದವರ ವೃತ್ತಾಂತ ಗಮನಾರ್ಹವಾದುದು. ೧೯೮೦ರ ದಶಕದಲ್ಲಿ ನ್ಯೂಜಿಲೆಂಡಿನ ರೈಲ್ವೆಯಲ್ಲಿ ನೌಕರರನ್ನು ಕಡಮೆಮಾಡಿದಾಗ ಕೈಕೋರಾದ ಅನೇಕ ಸಂಸಾರಗಳಿಗೆ ಅನ್ನಕ್ಕೆ ಸಂಚಕಾರ ಬಂದಿತು. ಮಾವೊರಿಗಳಿಗೆ ಅದರ ಪೆಟ್ಟು ಹೆಚ್ಚು. ಆಗ ಬಿಲ್ ಸಾಲೊಮನ್ ಮೊದಲಾದ ಹಿರಿಯರ ನಾಯಕತ್ವದಲ್ಲಿ ನ್ಗಾಟಿ ಕುರಿ ಎಂಬ ಬುಡಕಟ್ಟಿನ ಕೆಲವು ಸಂಸಾರಗಳವರು ತಮ್ಮ ಮನೆಗಳನ್ನು ಅಡವಿಟ್ಟು ಸಾಲ ತೆಗೆದು, ೧೯೮೭ರಲ್ಲಿ ಒಂದು ಸಣ್ಣ ಗಾಳಿದೋಣಿಯನ್ನು ಕೊಂಡು ಯಾತ್ರಿಕರನ್ನು ಕರೆದೊಯ್ಯತೊಡಗಿದರು. ಅವರ ಪೂರ್ವಿಕನಾದ ಪೈಕೆಯಾ ಎಂಬವನು ತಿಮಿಂಗಿಲದ ಬೆನ್ನೇರಿ ಈ ದ್ವೀಪಗಳಿಗೆ ಬಂದನೆಂಬುದು ಅವರ ಪುರಾಣ. ಆ ಕಥೆಯನ್ನು ನಂಬಿ ಮನೆಯನ್ನು ಅಡವಿಟ್ಟರೋ, ಬೇರೆ ದಾರಿ ಕಾಣದೆ ಇಟ್ಟರೋ, ಎರಡೂ ಸೇರಿರಬಹುದು. ಊರಿನ ವರ್ತಕರಲ್ಲಿ ಇದನ್ನು ಹುಚ್ಚೆಂದು ಬಗೆದವರು ಇಲ್ಲದಿರಲಿಲ್ಲ. ಆ ಸಂಸ್ಥೆಯೇ ಇಂದಿನ ವ್ಹೇಲ್ ವಾಚ್ ಕೈಕೋರಾ. ಗಾಳಿದೋಣಿಯ ಸ್ಥಾನದಲ್ಲಿ ದೊಡ್ಡ ಜೋಡಿಯೊಡಲಿನ ದೋಣಿಗಳು ಬಂದಿವೆ. ತಿಮಿಂಗಿಲ ಕಾಣದೆಹೋದರೆ ದರದ ಬಹುಭಾಗವನ್ನು ಹಿಂದಿರುಗಿಸುವ ಪದ್ಧತಿಯನ್ನೂ ಅವರು ಇಟ್ಟುಕೊಂಡು ಬಂದಿದ್ದಾರೆ. ಒಂದು ಊರಿನ ಹಂಚುಮಾಡುಗಳೂ ಅಂಗಡಿಮುಂಗಟ್ಟುಗಳೂ ಕಾಡುಪ್ರಾಣಿಯೊಂದರ ಉಸಿರಿನ ಮೇಲೆ ನಿಂತಿರುವುದು ಅಪರೂಪವೇ ಸರಿ.

ನೋಡುವುದರಿಂದ ಪ್ರಾಣಿಗೆ ಏನೂ ಬಾಧಕವಿಲ್ಲವೆ ಎಂದು ಕೇಳಬಹುದು. ಇದು ಅಲಕ್ಷಿಸುವ ಪ್ರಶ್ನೆಯಲ್ಲ. ಮೇಲೆ ಹೇಳಿದ ಹತ್ತು ನಿಮಿಷಗಳು ಅದಕ್ಕೆ ಬಹು ಬೆಲೆಯುಳ್ಳವು. ದೋಣಿಗೆ ಹೆದರಿ ಎರಡು ನಿಮಿಷ ಮೊದಲೇ ಮುಳುಗಿದರೆ ಬೇಟೆಯಲ್ಲಿ ಅಷ್ಟು ನಷ್ಟ. ಅಲ್ಲಿಯ ೧೯೯೨ರ ನಿಬಂಧನೆಗಳ ಪ್ರಕಾರ ಯಾವ ದೋಣಿಯೂ ತಿಮಿಂಗಿಲಕ್ಕೆ ೫೦ ಮೀಟರಿಗಿಂತ ಸಮೀಪ ಹೋಗಕೂಡದು. ಮರಿಯಿರುವ ತಾಯಿಯಾದರೆ ೨೦೦ ಮೀಟರು. ೩೦೦ ಮೀಟರಿನೊಳಗೆ ಮೂರಕ್ಕಿಂತ ಹೆಚ್ಚು ದೋಣಿಗಳಾಗಲಿ ವಿಮಾನಗಳಾಗಲಿ ಕೂಡಿ ಇರಕೂಡದು; ಹಿಂದಿನಿಂದ ಓರೆಯಾಗಿ, ನಿಧಾನವಾಗಿ ಸಮೀಪಿಸಬೇಕು; ದಾರಿಗೆ ಅಡ್ಡಬರಕೂಡದು. ಒಟಾಗೋ ವಿಶ್ವವಿದ್ಯಾನಿಲಯದ ವಿದ್ವಾಂಸರು ೧೯೯೦ರ ಸುಮಾರಿನಿಂದ ಇಲ್ಲಿಯ ತಿಮಿಂಗಿಲಗಳನ್ನು ಪರಿಶೀಲಿಸುತ್ತ ಬಂದಿದ್ದಾರೆ. ದೋಣಿಗಳಿದ್ದಾಗ ಅವುಗಳ ಉಸಿರಾಟದ ಅಂತರದಲ್ಲಿಯೂ ಮೇಲಿರುವ ಕಾಲದಲ್ಲಿಯೂ ಸಣ್ಣ ವ್ಯತ್ಯಾಸಗಳಾಗುತ್ತವೆಂದೂ, ನೆಲೆಯಾಗಿ ಇರುವವುಗಳು ಒಗ್ಗಿಕೊಂಡಿವೆಯೆಂದೂ, ಹೊಸದಾಗಿ ಬಂದವು ಹೆಚ್ಚು ಬೆದರುತ್ತವೆಂದೂ ಅವರು ಕಂಡರು. ಒಗ್ಗಿಕೊಳ್ಳುವುದು ಸಮ್ಮತಿಯಲ್ಲವೆಂಬುದನ್ನು ಮಾತ್ರ ಮರೆಯಬಾರದೆಂದು ನಮಗೆ ತೋರುತ್ತದೆ.

ಸೀಲುಗಳನ್ನು ನೋಡುವುದಕ್ಕೆ ಇಷ್ಟು ಶ್ರಮವಿಲ್ಲ. ಭೂಶಿರದ ತುದಿಯ ಬಂಡೆಗಳ ಮೇಲೆ ಅವು ಬಿಸಿಲು ಕಾಯುತ್ತ, ಆಕಳಿಸುತ್ತ, ಕೆರೆದುಕೊಳ್ಳುತ್ತ ಬಿದ್ದಿರುತ್ತವೆ. ಮಾವೊರಿಗಳು ಇದನ್ನು ಕೆಕೆನೊ ಎನ್ನುತ್ತಾರೆ. ಹೊರಗೆ ಕಾಣುವ ಸಣ್ಣ ಕಿವಿಗಳಿವೆ. ಹಿಂಗಾಲುಗಳನ್ನು ಮುಂದಕ್ಕೆ ಮಡಿಸಿ ನೆಲದ ಮೇಲೆ ನಡೆಯಬಲ್ಲವು. ಇದೇ ನಿಜವಾದ ಸೀಲುಗಳಿಗೂ ಇವಕ್ಕೂ ಭೇದ. ದಡದ ಮೇಲೆ ಸೋಮಾರಿಯಂತೆ ಕಾಣುವ ಇದು ನೀರಿನಲ್ಲಿ ಆರುನೂರು ಅಡಿಗಳಿಗೂ ಹೆಚ್ಚು ಆಳಕ್ಕಿಳಿದು ಬೇಟೆಯಾಡುತ್ತದೆ, ಬಹುಮಟ್ಟಿಗೆ ರಾತ್ರಿಯಲ್ಲಿ; ಹಗಲಿನ ನಿದ್ರೆ ಅದಕ್ಕೆ ಸಲ್ಲತಕ್ಕುದೇ. ಎರಡು ಪದರದ ದಟ್ಟ ತುಪ್ಪುಳಿನ ಚರ್ಮವೇ ಇವಕ್ಕೆ ಶತ್ರುವಾಯಿತು. ೧೯ನೆಯ ಶತಮಾನದ ಮೊದಲ ಮೂರು ದಶಕಗಳೊಳಗೆ ಬೇಟೆಗಾರರು ಆ ದೇಶದ ಸೀಲುಗಳನ್ನು ಹೆಚ್ಚುಕಡಮೆ ನಿರ್ನಾಮಮಾಡಿಬಿಟ್ಟಿದ್ದರು. ರಕ್ಷಣೆ ದೊರೆತ ಮೇಲೆ ಮತ್ತೆ ಹೆಚ್ಚಿವೆ. ನೋಡುವವರು ಒಂದು ನಿಯಮವನ್ನು ಪಾಲಿಸಬೇಕು: ಸೀಲಿಗೂ ಸಮುದ್ರಕ್ಕೂ ನಡುವೆ ನಿಲ್ಲಬಾರದು. ತಪ್ಪಿಸಿಕೊಳ್ಳುವ ದಾರಿ ಮುಚ್ಚಿತೆಂದು ತಿಳಿದರೆ ಅದು ಕಚ್ಚುತ್ತದೆ.

ಇನ್ನು ಹಕ್ಕಿಗಳು. ತಿಮಿಂಗಿಲವನ್ನು ಕಾಯುತ್ತ ನಿಂತ ದೋಣಿಯ ಸುತ್ತ ಆಲ್ಬಟ್ರಾಸ್ ಹಕ್ಕಿಗಳು ಬಂದಿಳಿಯುತ್ತವೆ. ದೊಡ್ಡ ಜಾತಿಯವುಗಳ ರೆಕ್ಕೆಯ ಹರವು ಹತ್ತು ಅಡಿಗೂ ಮಿಗಿಲು. ಹಾರುವಾಗ ರೆಕ್ಕೆಯನ್ನು ಬಡಿಯುವುದೇ ಇಲ್ಲವೆಂಬಷ್ಟು ಕಡಮೆ. ನೀರಿನ ಮೇಲ್ಮೈಯ ಬಳಿ ಗಾಳಿ ಮಂದ, ಮೇಲೆ ಹೋದಂತೆ ವೇಗ. ಈ ಅಂತರವನ್ನೇ ಬಂಡವಾಳಮಾಡಿಕೊಂಡು ಗಾಳಿಗೆದುರಾಗಿ ಏರುತ್ತ, ಗಾಳಿಯೊಡನೆ ಜಾರುತ್ತ ಅವು ಸಾವಿರಾರು ಮೈಲಿ ಸಾಗುತ್ತವೆ. ರೆಕ್ಕೆಯನ್ನು ಚಾಚಿ ಹಿಡಿಯುವ ಶ್ರಮವೂ ಇಲ್ಲ. ಹೆಗಲಿನ ಒಂದು ಸ್ನಾಯುಬಂಧ ಅದನ್ನು ಅಗುಳಿ ಹಾಕಿದಂತೆ ಹಿಡಿದಿಡುತ್ತದೆ. ಉಪ್ಪುನೀರನ್ನು ಕುಡಿದು ಹೆಚ್ಚಾದ ಉಪ್ಪನ್ನು ಮೂಗಿನಿಂದ ತೊಟ್ಟಿಕ್ಕಿಸುತ್ತವೆ. ದೊಡ್ಡ ಜಾತಿಗಳು ಹತ್ತು ವರ್ಷದ ಸುಮಾರಿಗೆ ಮೊದಲ ಮೊಟ್ಟೆಯಿಡುತ್ತವೆ. ಅದೂ ಎರಡು ವರ್ಷಕ್ಕೊಂದೇ. ಇಷ್ಟು ನಿಧಾನವಾಗಿ ಹೆಚ್ಚುವ ಕುಲಕ್ಕೆ ಪ್ರಾಯದ ಹಕ್ಕಿಗಳು ಸಾಯುವುದು ದೊಡ್ಡ ಏಟು. ಮೈಲಿಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳಗಳನ್ನು ಕಟ್ಟಿ ಮೀನು ಹಿಡಿಯುವ ಹಡಗುಗಳ ಹಿಂದೆ ಇವು ಎರೆಗೆ ಬಾಯಿಹಾಕಿ ನೀರಿನೊಳಗೆ ಎಳೆಯಲ್ಪಟ್ಟು ಸಾಯುತ್ತವೆ. ಹಡಗಿನ ಹಿಂಭಾಗದಲ್ಲಿ ಬಣ್ಣದ ಪಟ್ಟಿಗಳನ್ನು ತೂಗಬಿಡುವುದು, ಗಾಳಕ್ಕೆ ಭಾರ ಕಟ್ಟಿ ಬೇಗ ಮುಳುಗಿಸುವುದು, ರಾತ್ರಿಯಲ್ಲಿ ಹಾಕುವುದು, ಇಂತಹ ಸರಳೋಪಾಯಗಳಿಂದಲೇ ಅನೇಕ ಹಕ್ಕಿಗಳು ಉಳಿಯುತ್ತವೆ. ಎಲ್ಲ ಹಡಗುಗಳವರೂ ಅವನ್ನು ಅನುಸರಿಸಬೇಕಷ್ಟೆ.

ಆದರೆ ಕೈಕೋರಾದ ಸ್ವಂತ ಹಕ್ಕಿಯೆಂದರೆ ಹಟನ್ನನ ಶಿಯರ್‌ವಾಟರ್. ಕಾಗೆಗಿಂತ ಚಿಕ್ಕದಾದ, ಮೇಲೆ ಕಂದು ಕೆಳಗೆ ಬಿಳಿಯ, ನೋಡುವುದಕ್ಕೆ ಸಾಧಾರಣವಾದ ಹಕ್ಕಿ. ಕಡಲಿನ ಹಕ್ಕಿಯಾದರೂ ಅದು ಗೂಡು ಮಾಡುವುದು ಊರಿನ ಹಿಂದಿನ ಪರ್ವತದ ಮೇಲೆ, ನಾಲ್ಕು ಸಾವಿರ ಅಡಿಗಳಿಗೂ ಎತ್ತರದಲ್ಲಿ, ಹಿಮ ಕರಗಿದ ಮೇಲೆ ಮಣ್ಣಿನಲ್ಲಿ ತೋಡಿದ ಬಿಲಗಳಲ್ಲಿ. ಜಗತ್ತಿನಲ್ಲಿ ಅದು ತಾನಾಗಿ ಗೂಡುಕಟ್ಟುವ ನೆಲೆಗಳು ಇಲ್ಲಿ ಉಳಿದಿರುವ ಎರಡೇ. ಆ ಬಿಲಗಳಿರುವ ಸ್ಥಳವನ್ನು ಜೆಫ್ ಹ್ಯಾರೊ ಎಂಬ ಪರ್ವತಾರೋಹಿ ಪತ್ತೆಹಚ್ಚುವವರೆಗೆ, ೧೯೬೦ರ ದಶಕದ ಮಧ್ಯದವರೆಗೆ, ವಿಜ್ಞಾನಿಗಳಿಗೆ ತಿಳಿದಿರಲಿಲ್ಲ. ಕಾಡುಹಂದಿಗಳೂ ಯೂರೋಪಿನಿಂದ ತಂದುಬಿಟ್ಟ ಮುಂಗುಸಿಯಂತಹ ಸ್ಟೋಟ್ ಎಂಬ ಪ್ರಾಣಿಯೂ ಬಿಲಗಳನ್ನು ಹೊಕ್ಕು ಅದರ ಸಂತತಿಯನ್ನು ತಿಂದುಹಾಕಿದವು. ಇದನ್ನು ಕಂಡು, ೨೦೦೫ರಿಂದ ಬೆಟ್ಟದ ಮರಿಗಳನ್ನು ಕೆಳಗೆ ತಂದು ಭೂಶಿರದ ಮೇಲೆ ಕೈತುತ್ತಿನಿಂದ ಸಾಕಿ, ೨೦೧೦ರಲ್ಲಿ ಅದರ ಸುತ್ತ ಶತ್ರುಪ್ರಾಣಿಗಳು ನುಸುಳದಂತಹ ಬೇಲಿಯನ್ನು ಕಟ್ಟಿ, ಹೊಸ ನೆಲೆಯೊಂದನ್ನು ಮಾಡಿದರು. ಹಾರಿಹೋದವು ಆಸ್ಟ್ರೇಲಿಯದ ಸಮುದ್ರಗಳನ್ನು ಸುತ್ತಿ, ವರ್ಷಗಳ ತರುವಾಯ ತಾವು ಹಾರಿದ ಜಾಗಕ್ಕೇ ಬಂದು ಮೊಟ್ಟೆಯಿಟ್ಟವು.

ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮರಿಗಳು ರಾತ್ರಿಯ ವೇಳೆ ಬೆಟ್ಟದಿಂದ ಕಡಲಿಗೆ ಮೊದಲ ಸಲ ಹಾರುತ್ತವೆ. ಮಂಜು ಕವಿದ ರಾತ್ರಿಗಳಲ್ಲಿ ಊರಿನ ಬೀದಿದೀಪಗಳನ್ನು ಕಂಡು, ಚಂದ್ರನ ಬೆಳಕು ಬಿದ್ದ ನೀರೆಂದು ಬಗೆದೋ ಏನೋ, ರಸ್ತೆಯ ಮೇಲೆ ಬಂದು ಬೀಳುತ್ತವೆ. ಸಮನೆಲದಿಂದ ಮೇಲೇಳುವುದು ಅವಕ್ಕೆ ಬಲು ಕಷ್ಟ. ಬೆಳಗಾಗುವುದರೊಳಗೆ ಬಂಡಿಗಳಿಗೋ ಬೆಕ್ಕುನಾಯಿಗಳಿಗೋ ಬಲಿ. ಊರಿನವರು ಅಂತಹ ರಾತ್ರಿಗಳಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಹಿಡಿದು ಬೀದಿ ಬೀದಿ ಸುತ್ತಿ, ಬಿದ್ದವನ್ನು ಆಯ್ದುಕೊಂಡು ಬಂದು ಮರುದಿನ ಕಡಲಿಗೆ ಬಿಡುತ್ತಾರೆ.

೨೦೧೬ನೆಯ ನವೆಂಬರ್ ೧೪ರ ನಡುರಾತ್ರಿ ಕಳೆದು ಎರಡು ನಿಮಿಷಕ್ಕೆ ಈ ಪ್ರಾಂತದಲ್ಲಿ ೭.೮ರ ಪರಿಮಾಣದ ಭೂಕಂಪವಾಯಿತು. ಇಬ್ಬರು ಮೃತರಾದರು. ಗುಡ್ಡಗಳು ಕುಸಿದು ಹೆದ್ದಾರಿಯೂ ರೈಲುಮಾರ್ಗವೂ ಮುಚ್ಚಿಹೋಗಿ ಊರು ದ್ವೀಪದಂತಾಯಿತು. ಯಾತ್ರಿಕರನ್ನು ಹೆಲಿಕಾಪ್ಟರುಗಳಲ್ಲಿಯೂ ಯುದ್ಧನೌಕೆಗಳಲ್ಲಿಯೂ ಸಾಗಿಸಬೇಕಾಯಿತು. ಭೂಶಿರವು ಕಡಲಿನಿಂದ ಸುಮಾರು ಒಂದು ಮೀಟರು ಮೇಲಕ್ಕೆದ್ದಿತು. ಉತ್ತರಕ್ಕೆ ಕೆಲವೆಡೆಗಳಲ್ಲಿ ಇನ್ನೂ ಎಷ್ಟೋ ಹೆಚ್ಚು. ನಿನ್ನೆಯವರೆಗೆ ನೀರಿನಡಿಯಿದ್ದ ಬಂಡೆಗಳು ಪಾಚಿಯೊಡನೆ, ಚಿಪ್ಪಿನ ಪ್ರಾಣಿಗಳೊಡನೆ ಬಿಸಿಲಿಗೆ ಬಿದ್ದವು. ಬಂದರಿನಲ್ಲಿ ದೋಣಿ ತೇಲುವಷ್ಟು ನೀರಿಲ್ಲದೆ, ಭರತವಿದ್ದಾಗ ಮಾತ್ರ ಹೊರಡಬೇಕಾಯಿತು. ಓಹಾವು ಎಂಬಲ್ಲಿ ಸೀಲಿನ ಮರಿಗಳು ಚಳಿಗಾಲದಲ್ಲಿ ತೊರೆಯೊಂದನ್ನು ಹತ್ತಿ ಕಾಡಿನೊಳಗಿನ ಜಲಪಾತದ ಕೊಳದಲ್ಲಿ ಆಡುತ್ತಿದ್ದುದು ಪ್ರಸಿದ್ಧವಾಗಿತ್ತು. ಕುಸಿದ ಗುಡ್ಡ ಆ ಕೊಳವನ್ನು ಕೆಡಿಸಿತು. ಬೆಟ್ಟದ ಮೇಲೆ ಶಿಯರ್‌ವಾಟರಿನ ಬಿಲಗಳಲ್ಲಿ ಒಂದು ಪಾಲು ಮಣ್ಣಿನೊಡನೆ ಜಾರಿಹೋಯಿತು. ಹೊಸ ಬಂದರನ್ನು ತೋಡ ಮುಗಿಸುವುದಕ್ಕೆ ಒಂದು ವರ್ಷ, ಹೆದ್ದಾರಿ ತೆರೆಯುವುದಕ್ಕೆ ೨೦೧೭ನೆಯ ಡಿಸೆಂಬರಿನವರೆಗೆ ಕಾಲ ಹಿಡಿಯಿತು.

ಕಡಲೊಳಗಿನ ಹಾನಿ ತಿಳಿದುದು ತಡವಾಗಿ. ಕಂದರದ ಇಬ್ಬದಿಯ ಕೆಸರೆಲ್ಲ ಜಾರಿ, ಸುಮಾರು ೮೫ ಕೋಟಿ ಟನ್ನು ಮಣ್ಣು ಪ್ರವಾಹದಂತೆ ಹರಿದು, ೬೮೦ ಕಿಲೋಮೀಟರಿಗೂ ದೂರ ಹೋಯಿತು. ತಳದ ಜೀವಸಮೂಹವು ಕೊಚ್ಚಿಹೋಯಿತು. ಆಮೇಲೆ ಸುಮಾರು ಒಂದು ವರ್ಷದವರೆಗೆ ತಿಮಿಂಗಿಲಗಳು ಎರಡು ಮುಳುಗಿನ ನಡುವೆ ನೀರಿನ ಮೇಲೆ ನಾಲ್ಕನೆಯ ಒಂದು ಪಾಲು ಹೆಚ್ಚು ಹೊತ್ತು ಇರುತ್ತಿದ್ದುವೆಂದೂ, ತಮ್ಮ ಹಳೆಯ ಬೇಟೆಯ ಜಾಗಗಳನ್ನು ಬದಲಾಯಿಸಿದುವೆಂದೂ ಒಟಾಗೋದವರು ಪ್ರಕಟಿಸಿದರು. ಆಹಾರಕ್ಕಾಗಿ ಹೆಚ್ಚು ಅಲೆಯಬೇಕಾಗಿ ಹೆಚ್ಚು ದಣಿಯುತ್ತಿದ್ದುವೆಂಬುದು ಅವರ ಊಹೆ. ಭೂಕಂಪಕ್ಕೆ ಹೊರತಾಗಿಯೂ, ಮೊದಲಿನ ವರ್ಷಗಳಿಗೆ ಹೋಲಿಸಿದರೆ ಬೇಸಗೆಯಲ್ಲಿ ಇಲ್ಲಿಗೆ ಬರುವ ಸ್ಪರ್ಮ್ ತಿಮಿಂಗಿಲಗಳು ಕಡಮೆಯಾಗಿವೆಯೆಂದು ಅವರ ದೀರ್ಘಕಾಲದ ಎಣಿಕೆ ತೋರಿಸಿದೆ. ಮನೆಗಳನ್ನು ಅಡವಿಟ್ಟವರ ಮಕ್ಕಳಿಗೆ ಇದು ಕೇವಲ ವಿಜ್ಞಾನದ ವಿಷಯವಲ್ಲ.

ನಮ್ಮ ಕಾರವಾರ ಮಂಗಳೂರುಗಳ ಮುಂದಿರುವ ಕಡಲಿಗೂ ಈ ಪ್ರಾಣಿ ಅಪರಿಚಿತವಲ್ಲ. ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಸ್ಥಾನವೆಂದು ಅಂತರರಾಷ್ಟ್ರೀಯ ತಿಮಿಂಗಿಲ ಮಂಡಲಿಯು ೧೯೭೯ರಲ್ಲಿ ಸಾರಿತು. ಭಾರತದ ೧೯೭೨ರ ವನ್ಯಜೀವಿ ಶಾಸನವೂ ಸ್ಪರ್ಮ್ ತಿಮಿಂಗಿಲವನ್ನು ರಕ್ಷಿಸುತ್ತದೆ. ನಮ್ಮ ಪೇಟೆಗಳಲ್ಲಿ ಅದರ ಹೆಸರು ಕೇಳಿಬರುವುದು ಮಾತ್ರ ಅದರ ಕರುಳಿನಲ್ಲಿ ಕಟ್ಟುವ ಅಂಬರಿನ ಕಳ್ಳವ್ಯಾಪಾರದಲ್ಲಿ ಯಾರಾದರೂ ಸಿಕ್ಕಿಬಿದ್ದಾಗ.

ಕೈಕೋರಾಕ್ಕೆ ಹೋಗುವ ಅನುಕೂಲವಿದ್ದವರಿಗೆ ಒಂದೆರಡು ಮಾತು. ಸ್ಪರ್ಮ್ ತಿಮಿಂಗಿಲ ವರ್ಷವೆಲ್ಲ ಇರುತ್ತದೆ. ಗೂನುಬೆನ್ನಿನವು ಉತ್ತರಕ್ಕೆ ಸಾಗುತ್ತ ಹಾದುಹೋಗುವುದು ಜೂನ್ ಜುಲೈಗಳಲ್ಲಿ, ಅಂದರೆ ಅಲ್ಲಿಯ ಚಳಿಗಾಲದಲ್ಲಿ. ಉಣ್ಣೆಯ ಅಂಗಿಯನ್ನು ಯಾವ ಕಾಲದಲ್ಲಿಯೂ ಮರೆಯಬಾರದು. ಕಡಲ ಮೇಲೆ ತಲೆ ಸುತ್ತುವವರು ಹಿಂದಿನ ರಾತ್ರಿ ಮಿತವಾಗಿ ಉಣ್ಣುವುದು ಮೇಲು. ದೋಣಿಯಲ್ಲಿ ಕುಳಿತು ಓದುವುದನ್ನೂ ಭಾವಚಿತ್ರ ತೆಗೆಯುವ ಯಂತ್ರದೊಳಗೆ ಇಣುಕುವುದನ್ನೂ ಬಿಟ್ಟು ದಿಗಂತದ ಮೇಲೆ ಕಣ್ಣಿಟ್ಟಿರಬೇಕು. ಅಲೆ ಎದ್ದರೆ ದೋಣಿಗಳು ಹೊರಡುವುದಿಲ್ಲ. ಹಾಗಾಗುವುದು ಅಪರೂಪವೇನೂ ಅಲ್ಲ. ಆದುದರಿಂದ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳುವುದು ಕ್ಷೇಮ. ಆ ದಿನ ಭೂಶಿರದ ತುದಿಯವರೆಗೆ ನಡೆದು ಹೋದರೆ ಸೀಲುಗಳು ಅಲ್ಲಿಯೇ ಬಿದ್ದಿರುತ್ತವೆ, ಅವಕ್ಕೆ ದರವಿಲ್ಲ.